ಹದಿನಾಲ್ಕು ಮನೆಗಳ ಖಾತರಿ

ಕೆಂಪಾಪುರ
11-8-1974

ನಜೀರ್ ಸಾಬ್ರಿಗೆ,

ನಿಮ್ಮ ರಾಯಚೂರಿನ ವಿಳಾಸ ಕೋಳಿ ಮಂಡಳಿ ಆಫೀಸಿನಲ್ಲಿ ಕೊಡಲಿಲ್ಲ. ಅದಕ್ಕೆ ನಿನ್ನೆ ಮತ್ತಿಕೆರೆಗೆ ಹೋಗಿ ನಿಮ್ಮ ಮನೆಯೋರು ಮುಸರ್ರತ್ ಹತ್ರ ಬರೆಸಿಕೊಂಡು ಬಂದೆ. ಮಕ್ಕಳು ಚೆನ್ನಾಗವ್ರೆ. ಚಿಕ್ಕವಳಿಗೆ ಮುಂದಿನ ಹಲ್ಲು ಬಿದ್ದದೆ. ನಿಮಗೆ ವರ್ಗ ಆಗಿದ್ದೇ ನಮಗೆ ಗೊತ್ತಿರಲಿಲ್ಲ. ಜುಲೈ ತಿಂಗಳೆಲ್ಲಾ ಇವತ್ತು ಬರ್ತಾರೆ, ನಾಳೆ ಬರ್ತಾರೆ ಅಂತ ಕಾದೆವು.

ಕೋಳಿಗಳು ಯಾಕೋ ಸರಿ ಇಲ್ಲ. ಸೋಮವಾರ ಮಾರಮ್ಮನ ಮನೇಲಿ ನಾಲ್ಕು ಮೇವು ಮುಟ್ಟದೆ ತೂಕಡಿಸ್ತಾ ಕೂತವಂತೆ. ಬುಧವಾರಕ್ಕೆ ಹನ್ನೊಂದು ಹೋದವು. ಕತ್ತು ತಿರುಚಿಕೊಂಡು ಆಕಾಶ ನೋಡ್ತವೆ, ಹಿಂದುಹಿಂದಕ್ಕೆ ನಡೀತವೆ, ಹಿಕ್ಕೆ ಹಸಿರಿಗೆ ಹೋಗ್ತದೆ. ಈಗ ಅಕ್ಬರಿ ಮನೇಲೂ ಶುರುವಾಗದೆ. ನನ್ನವು ಐವತ್ತೂ ಇನ್ನೂ ನಿಂತವೆ, ಆದ್ರೆ ಇವತ್ತು ಮೊಟ್ಟೆ ಇಟ್ಟಿದ್ದು ಒಂಬತ್ತೇ.

ಹೋದ ವರ್ಷ ನೀವು ನಮ್ಮ ಜಗಲಿ ಮೇಲೆ ಕೂತು ಹೇಳಿದ್ದು ನನ್ನ ಕಿವೀಲಿ ಇನ್ನೂ ಅದೆ. "ಅಕ್ಕಾ, ಡಜನ್ ಮೊಟ್ಟೆಗೆ ಐದು ಪೈಸೆ ಮಂಡಳಿಗೆ ಸೆಸ್ಸು ಬಿಡಿ. ಮಂಡಳಿ ಮರಿ ಕೊಡುತ್ತೆ, ಹೊತ್ತಿಗೆ ಸರಿಯಾಗಿ ಸೂಜಿ ಹಾಕಿಸುತ್ತೆ, ಮೊಟ್ಟೆ ಮೇಲೆ ಖಾತರಿ ಅಂತ ಮುದ್ರೆ ಒತ್ತಿ ಮಾರುತ್ತೆ. ರೋಗ ಬಂದು ಸತ್ತರೆ ಹೊಸ ಮರಿ ಕೊಡೋದೂ ಮಂಡಳೀನೇ" ಅಂದಿರಿ. ಮಂಡಳಿ ಅಂದ್ರೆ ಯಾರೋ ಏನೋ ನನಗೆ ಗೊತ್ತಿರಲಿಲ್ಲ. ನಮ್ಮ ಯಜಮಾನ್ರು ಬೈರಣ್ಣನೋರಿಗೆ ಸೊಪ್ಪಿನ ಮಡೀಲಿ ಹಾವು ಕಚ್ಚಿದಾಗ ಸೈಕಲ್ ಮೇಲೆ ಕೂರಿಸಿಕೊಂಡು ಆಸ್ಪತ್ರೆಗೆ ತುಳಿದೋರು ನೀವು. ನಿಮ್ಮ ಮುಖ ನೋಡಿ ನಾನು ಒಪ್ಪಿದೆ. ನನ್ನ ಮುಖ ನೋಡಿ ಇನ್ನು ಹದಿಮೂರು ಮನೆಯೋರು ಒಪ್ಪಿದರು.

ಜೂನ್ ತಿಂಗಳಲ್ಲಿ ಸೂಜಿ ಹಾಕಿದ್ದೀರಲ್ಲ, ಅದು ಈ ರೋಗದ್ದೇ ತಾನೆ? ಮತ್ತೆ ಯಾಕೆ ಇಂಗಾಗ್ತದೆ? ಎರಡು ದಿನ ರಜ ಹಾಕಿ ಬನ್ನಿ. ಆಗದಿದ್ರೆ ಏನು ಮಾಡಬೇಕು ಅಂತ ಬೇಗ ಬರೀರಿ.

ಮುನಿವೆಂಕಟಮ್ಮ


ರಾಯಚೂರು
19-8-1974

ಮುನಿವೆಂಕಟಮ್ಮ ಅಕ್ಕನವರಿಗೆ ನಜೀರನ ಸಲಾಂ.

ನಿಮ್ಮ ಕಾಗದ ಮೊನ್ನೆ ಸಿಕ್ಕಿತು. ಓದಿ ಮನಸ್ಸಿಗೆ ಬಹಳ ಕಷ್ಟವಾಯಿತು. ನೀವು ಬರೆದಿರುವ ಲಕ್ಷಣ ಕೊಕ್ಕರೆ ರೋಗದ್ದು. ಸತ್ತ ಕೋಳಿಗಳನ್ನು ಕೆರೆ ಕಡೆಗೆ ಎಸೆಯಬೇಡಿ. ಆಳವಾಗಿ ಗುಂಡಿ ತೆಗೆದು ಸುಣ್ಣ ಹಾಕಿ ಹೂಳಿ. ಒಬ್ಬರ ಗೂಡಿಗೆ ಇನ್ನೊಬ್ಬರು ಕಾಲಿಡಬೇಡಿ. ನೀರಿನ ತಟ್ಟೆಗಳನ್ನು ಬಿಸಿನೀರಲ್ಲಿ ತೊಳೆಯಿರಿ. ಇನ್ನೂ ಚೆನ್ನಾಗಿರುವ ಕೋಳಿಗಳನ್ನು ಬೇರೆ ಮಾಡಿ.

ಲಸಿಕೆ ಹಾಕಿದ ಮೇಲೂ ಕೆಲವು ಸಲ ರೋಗ ಬರುವುದುಂಟು. ನೂರಕ್ಕೆ ನೂರು ಅಂತ ಯಾರೂ ಹೇಳುವುದಕ್ಕಾಗುವುದಿಲ್ಲ.

ಇಲ್ಲಿ ನಾನು ಹೊಸಬ. ರಜೆ ಸಿಗುವ ಹಾಗಿಲ್ಲ. ಮೇಲಿನ ಅಧಿಕಾರಿ ಮಹಾಲಿಂಗಪ್ಪನವರನ್ನು ಕಾಣಿರಿ. ಯೋಜನೆಯ ಪ್ರಕಾರ ನಿಮಗೆ ಹೊಸ ಮರಿ ಸಿಗಬೇಕು. ಅವರ ಹತ್ತಿರ ಮಾತಾಡುವಾಗ ನಾನು ಕಾಗದ ಬರೆದ ವಿಷಯ ಎತ್ತಬೇಡಿ.

ಬೈರಣ್ಣನವರನ್ನು ಕೇಳಿದೆ ಅಂತ ಹೇಳಿ.

ನಿಮ್ಮ ತಮ್ಮ
ನಜೀರ್


ಕೆಂಪಾಪುರ
2-9-1974

ನಜೀರ್ ಸಾಬ್ರಿಗೆ,

ನಿಮ್ಮ ಕಾಗದ ಬರೋ ಹೊತ್ತಿಗೆ ಹೂಳೋಕೂ ಹೆಚ್ಚಿಗೆ ಉಳಿದಿರಲಿಲ್ಲ. ಹದಿನಾಲ್ಕು ಮನೆಯ ಏಳುನೂರು ಕೋಳೀಲಿ ಈಗ ನಲವತ್ತು ಇದ್ರೆ ಹೆಚ್ಚು. ನನ್ನವು ಮೂರು ದಿನದಲ್ಲಿ ಹೋದವು. ಬೆಳಿಗ್ಗೆ ಗೂಡಿನ ಬಾಗಿಲು ತೆಗೆದ್ರೆ ಸದ್ದೇ ಇಲ್ಲ. ಅಷ್ಟು ಗಲಾಟೆ ಮಾಡ್ತಿದ್ದವು, ನೆರೆಹೊರೆಯೋರು ಬೈತಿದ್ರು. ಈಗ ಆ ಕಡೆ ಹೋಗೋಕೇ ಕಾಲು ಬರಲ್ಲ.

ಮಹಾಲಿಂಗಪ್ಪನೋರು ಜೀಪಿನಲ್ಲಿ ಬಂದಿದ್ರು. ಮೂಗಿಗೆ ಕರ್ಚೀಫು ಹಿಡಕೊಂಡು ಎರಡು ಗೂಡು ನೋಡಿದ್ರು ಅಷ್ಟೆ. "ಏನಮ್ಮಾ ಇದು, ಇಷ್ಟು ಗಲೀಜು ಮಾಡ್ಕೊಂಡಿದ್ದೀರಿ? ಯೋಜನೆ ಕರಾರಲ್ಲಿ ಸ್ವಚ್ಛತೆ ಅಂತ ಇದೆ. ಅದು ಮುರಿದ ಮೇಲೆ ಖಾತರಿ ಎಲ್ಲೀದು?" ಅಂದ್ರು.

ನಾನು ಅಂದೆ, "ಸ್ವಾಮಿ, ತಿಂಗಳು ತಿಂಗಳೂ ನಿಮ್ಮ ಇನ್‌ಸ್ಪೆಕ್ಟ್ರು ನಜೀರ್ ಸಾಬ್ರೇ ಬಂದು ಗೂಡು ಚೆನ್ನಾಗಿ ಅದೆ ಅಂತ ಬರೆದು ಹೋಗವ್ರೆ. ಸತ್ತ ಕೋಳಿ ಬಿದ್ದ ಮೇಲೆ ಗಲೀಜಾಯ್ತು. ಮೊದಲು ಗಲೀಜಾಗಿ ಆಮೇಲೆ ಸಾಯಲಿಲ್ಲ."

"ನನಗೆ ಕಾನೂನು ಹೇಳಿಕೊಡಬೇಡ" ಅಂದು ಜೀಪು ಹತ್ತಿದ್ರು. ಹತ್ತೋವಾಗ ಇನ್ನೊಂದು ಮಾತು ಅಂದ್ರು ನೋಡಿ. "ಮನೆಮನೆ ಸುತ್ತಿ ಇವರನ್ನೆಲ್ಲ ಸೇರಿಸಿದ್ದು ನೀನೇ ತಾನೆ? ಸಮಾಧಾನಾನೂ ನೀನೇ ಮಾಡು." ಎಲ್ಲಾ ಹೆಂಗಸರೂ ಅಲ್ಲೇ ನಿಂತಿದ್ರು. ಎಲ್ಲಾರೂ ನನ್ನ ನೋಡಿದ್ರು.

ಮಾರಮ್ಮನ ಕತೆ ನಿಮಗೆ ಗೊತ್ತಲ್ಲ. ಗಂಡ ಇಲ್ಲ, ಅತ್ತೆಗೆ ಕಣ್ಣು ಕಾಣಲ್ಲ. ಗೂಡು ಕಟ್ಟೋಕೆ ಅಂತ ಮನೆ ಹಿಂದಿನ ಹುಣಸೆ ಮರ ಕಡಿಸಿದ್ಲು. "ಬೇಡ ಕಣಕ್ಕಾ, ಮರ ಇದ್ರೆ ವರ್ಷಕ್ಕೊಂದ್ಸಲ ಹಣ್ಣಾದ್ರೂ ಬಿಡ್ತದೆ" ಅಂದೋಳಿಗೆ "ಮಂಡಳಿ ಅದೆ, ನಾನಿದ್ದೀನಿ, ಹೆದರಬೇಡ" ಅಂದೋಳು ನಾನು. ಈಗ ಅವಳು ನನ್ನ ಹತ್ರ ಮಾತಾಡಲ್ಲ.

ಒಂದು ಸತ್ತ ಕೋಳೀನ ಬುಟ್ಟೀಲಿ ಇಟ್ಕೊಂಡು ಹೆಬ್ಬಾಳದ ವೆಟರಿನರಿ ಕಾಲೇಜಿಗೆ ಹೋಗಿದ್ದೆ. ಡಾಕ್ಟರು ಕುಯ್ದು ನೋಡಿದ್ರು. "ಸೂಜಿ ಹಾಕಿಸಿದ್ರಾ?" ಅಂದ್ರು. ಹೂಂ ಅಂದೆ. ಅದಕ್ಕವರು, "ಹಾಕಿದ್ರೂ ಹಾಕದ ಹಾಗೇ ಇದೆಯಮ್ಮಾ. ಒಂದೆರಡು ಸತ್ತಿದ್ರೆ ಬೇರೆ ಮಾತು. ಹೀಗೆ ಊರಿಗೂರೇ ಹೋಗಿದೆ ಅಂದ್ರೆ ಔಷಧೀಲೇ ಜೀವ ಇರಲಿಲ್ಲ ಅನ್ಸುತ್ತೆ" ಅಂದ್ರು.

ಸಾಬ್ರೇ, ಸೂಜಿ ಹಾಕಿದ ಕೈ ನಿಮ್ಮದು. ಅದಕ್ಕೆ ನಿಮ್ಮನ್ನೇ ಕೇಳ್ತಿದ್ದೀನಿ. ನಿಮಗೆ ಏನಾದ್ರೂ ಗೊತ್ತಿದ್ರೆ ಬರೀರಿ. ಗೊತ್ತಿಲ್ಲದಿದ್ರೆ ಗೊತ್ತಿಲ್ಲ ಅಂತಲೇ ಬರೀರಿ, ನಂಬ್ತೀನಿ.

ಮುನಿವೆಂಕಟಮ್ಮ


ಕೆಂಪಾಪುರ
30-10-1974

ನಜೀರ್ ಸಾಬ್ರಿಗೆ,

ಎರಡು ತಿಂಗಳಾಯ್ತು. ಟಪಾಲಿನೋನು ಸೈಕಲ್ ಗಂಟೆ ಬಾರಿಸಿದಾಗೆಲ್ಲ ಆಚೆ ಬರ್ತೀನಿ.

ಇಲ್ಲಿ ನನಗೆ ಬಾಳೋದು ಕಷ್ಟ ಆಗದೆ. ಒಂದೊಂದು ಮನೆ ಸೇರಿಸಿದ್ದಕ್ಕೂ ಮಂಡಳಿ ನನಗೆ ಇಷ್ಟು ಅಂತ ಕೊಟ್ಟದೆ ಅಂತ ಯಾರೋ ಹಬ್ಬಿಸವ್ರೆ. ನಲ್ಲಿ ಹತ್ರ ಹೋದ್ರೆ ನಾನು ಬಿಂದಿಗೆ ಇಟ್ಟ ಕೂಡಲೇ ಮಾತು ನಿಲ್ತದೆ. ಬೈರಣ್ಣನೋರು "ಬಿಡೇ, ನಾಲ್ಕು ದಿನ ಆಡ್ಕೋತಾರೆ" ಅಂತಾರೆ. ಅವರೂ ಸೊಪ್ಪು ಮಾರೋಕೆ ಹೆಬ್ಬಾಳದ ಕಡೆ ಹೋಗದೆ ಯಶವಂತಪುರಕ್ಕೆ ಹೊತ್ಕೊಂಡು ಹೋಗ್ತಾರೆ, ನಮ್ಮೂರೋರು ಸಿಗಬಾರದು ಅಂತ.

ಮೊನ್ನೆ ಮತ್ತೆ ನಿಮ್ಮ ಮನೆಗೆ ಹೋಗಿದ್ದೆ. ಮುಸರ್ರತ್ ಒಳಗೆ ಕರೆದು ಚಹಾ ಕೊಟ್ಲು. ನಾನು ಎಲ್ಲಾ ಹೇಳಿದೆ. ಅವಳು ಸೆರಗಿನ ತುದಿ ಬೆರಳಿಗೆ ಸುತ್ತುತಾ ಕೂತಿದ್ಲು. ಆಮೇಲೆ "ಅಕ್ಕಾ, ಜೂನ್‌ದಲ್ಲಿ ಇವ್ರು ಸರೀಗೆ ಊಟ ಮಾಡ್ಲಿಲ್ಲ. ಏನಾಯ್ತು ಅಂದ್ರೆ ಹೊಟ್ಟೆ ನೋವು ಅಂತಿದ್ರು" ಅಂದ್ಲು. ಹೇಳಿದ ಮೇಲೆ ಹೇಳಬಾರದಿತ್ತೇನೋ ಅನ್ನೋ ಹಂಗೆ ಎದ್ದು ಒಳಕ್ಕೆ ಹೋದ್ಲು.

ನಾನು ಚಹಾ ಲೋಟ ತೊಳೆದಿಟ್ಟು ಎದ್ದು ಬಂದೆ.

ಮಾರಮ್ಮ ಆರ್.ಟಿ. ನಗರದಲ್ಲಿ ಮನೆ ಕಟ್ಟೋ ಕೆಲಸಕ್ಕೆ ಹೋಗ್ತಾಳೆ. ಗಾರೆ ಹೊರ್ತಾಳಂತೆ. ಬೆಳಿಗ್ಗೆ ನಮ್ಮ ಮನೆ ಮುಂದೇನೇ ಹೋಗಬೇಕು. ತಲೆ ತಗ್ಗಿಸಿಕೊಂಡು ಹೋಗ್ತಾಳೆ.

ಒಂದು ಸಾಲು ಸಾಕು ನನಗೆ. ಔಷಧಿ ಸರಿ ಇರಲಿಲ್ಲ, ಮುನಿವೆಂಕಟಮ್ಮನಿಗೆ ಅದು ಗೊತ್ತಿರಲಿಲ್ಲ ಅಂತ.

ಮುನಿವೆಂಕಟಮ್ಮ


ರಾಯಚೂರು
16-11-1974

ಅಕ್ಕನವರಿಗೆ,

ಪತ್ರ ಬರೆಯುವುದು ತಡವಾಯಿತು, ಮನ್ನಿಸಬೇಕು. ಇಲ್ಲಿ ಕೆಲಸ ಜಾಸ್ತಿ.

ಊರಿನವರ ಮಾತಿಗೆ ನೀವು ಬೇಸರ ಮಾಡಿಕೊಳ್ಳಬೇಡಿ. ನಿಮ್ಮಂಥವರ ಮೇಲೆ ಆಪಾದನೆ ನಿಲ್ಲುವುದಿಲ್ಲ. ಕಾಲ ಬಂದಾಗ ಎಲ್ಲ ತಿಳಿಯಾಗುತ್ತದೆ.

ಒಂದು ವಿನಂತಿ. ದಯವಿಟ್ಟು ಮತ್ತಿಕೆರೆ ಮನೆಗೆ ಇನ್ನು ಹೋಗಬೇಡಿ. ಮುಸರ್ರತ್ ಹೆದರಿಕೊಂಡಿದ್ದಾಳೆ. ನೀವು ಬಂದು ಹೋದ ಮಾರನೆಯ ದಿನ ಆಫೀಸಿನ ಜವಾನ ಬಂದು, ಕೆಂಪಾಪುರದವರು ಯಾರು ಬಂದಿದ್ದರು, ಏನು ಮಾತಾಡಿದರು ಅಂತ ವಿಚಾರಿಸಿದನಂತೆ.

ಇದಕ್ಕಿಂತ ಹೆಚ್ಚು ಈಗ ಬರೆಯಲಾರೆ.

ನಜೀರ್


ಕೆಂಪಾಪುರ
20-1-1975

ಇನ್‌ಸ್ಪೆಕ್ಟರ್ ಸಾಹೇಬರಿಗೆ,

ಮಾರಮ್ಮ ಸತ್ತಳು.

ಶುಕ್ರವಾರ ಮಧ್ಯಾಹ್ನ. ಎರಡನೇ ಅಂತಸ್ತಿಗೆ ಗಾರೆ ಬಾಂಡಲಿ ಹೊತ್ತು ಹತ್ತುತಿದ್ದಾಗ ಕಟ್ಟಿದ ಹಲಗೆ ಜಾರಿ ಕೆಳಕ್ಕೆ ಬಿದ್ಲಂತೆ. ಆಸ್ಪತ್ರೇಲಿ ಒಂದು ದಿನ ಇದ್ದಳು. ನಾನು ಹೋಗಿದ್ದೆ. ಗುರುತು ಸಿಕ್ತು ಅವಳಿಗೆ. ನೀರು ಕುಡಿಸೋಕೆ ಹೋದೆ. ಕುಡಿದಳು. ಆಮೇಲೆ, "ಅಕ್ಕಾ, ಈಗಲಾದ್ರೂ ಹೇಳು. ನಮ್ಮ ಮನೆ ಸೇರಿಸಿದ್ದಕ್ಕೆ ನಿನಗೆ ಎಷ್ಟು ಕೊಟ್ರು?" ಅಂದಳು.

ಕೋಪದಲ್ಲಿ ಕೇಳಲಿಲ್ಲ. ತಿಳ್ಕೋಬೇಕು ಅಂತ ಕೇಳಿದ್ಲು.

ಏನೂ ಇಲ್ಲ ಕಣೇ, ಒಂದು ಕಾಸೂ ಇಲ್ಲ ಅಂದೆ. ಅವಳು ಹೂಂ ಅಂದಳು. ನಂಬಿದ ಹೂಂ ಅಲ್ಲ ಅದು. ಇಷ್ಟಾದ್ರೂ ಹೇಳಲ್ಲವಲ್ಲ ಅನ್ನೋ ಹೂಂ. ಬೆಳಗಾಗೋ ಹೊತ್ತಿಗೆ ಹೋಗಿಬಿಟ್ಟಳು.

ಕಾಲ ಬಂದಾಗ ತಿಳಿಯಾಗ್ತದೆ ಅಂತ ಬರೆದಿದ್ರಿ. ಅವಳ ಪಾಲಿಗೆ ಆ ಕಾಲ ಮುಗೀತು.

ನಿಮ್ಮ ಮನೆಗೆ ಹೋಗಲ್ಲ. ನಿಮಗೂ ಇನ್ನು ಬರೆಯಲ್ಲ.

ಮುನಿವೆಂಕಟಮ್ಮ
ಗಂಡ ಬೈರಣ್ಣ, ಕೆಂಪಾಪುರ


ರಾಯಚೂರು
9-2-1975

ಅಕ್ಕಾ,

ನಿಮ್ಮ ಕಾಗದ ಜೇಬಿನಲ್ಲಿಟ್ಟುಕೊಂಡು ಹದಿನೈದು ದಿನ ಓಡಾಡಿದೆ. ಈಗ ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ. ಇದನ್ನು ನೀವು ಯಾರಿಗೆ ಬೇಕಾದರೂ ಓದಿ ಹೇಳಬಹುದು. ಇದೇ ಸಂಗತಿಯನ್ನು ನಿನ್ನೆ ಮಂಡಳಿಯ ಅಧ್ಯಕ್ಷರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದ್ದೇನೆ.

ಹೋದ ವರ್ಷ ಲಸಿಕೆ ಹೊರಗಿನ ಕಂಪನಿಯೊಂದರಿಂದ ರೈಲಿನಲ್ಲಿ ಬಂತು. ಹೆಬ್ಬಾಳದಲ್ಲೇ ತಯಾರಾಗುವಾಗ ದೂರದಿಂದ ಯಾಕೆ ತರಿಸಿದರು ಅಂತ ನಾನು ಕೇಳಲಿಲ್ಲ. ಕೇಳಬೇಕಿತ್ತು. ಮೇ ತಿಂಗಳಲ್ಲಿ ರೈಲ್ವೆ ಮುಷ್ಕರ ಆಯಿತಲ್ಲ, ಆ ಪಾರ್ಸಲ್ ಯಶವಂತಪುರದ ಯಾರ್ಡಿನಲ್ಲಿ ಸಿಕ್ಕಿಹಾಕಿಕೊಂಡಿತು. ತಗಡಿನ ವ್ಯಾಗನ್ನು, ಮೇ ತಿಂಗಳ ಬಿಸಿಲು. ಇಪ್ಪತ್ತು ದಿನದ ಮೇಲೆ ಬಿಡಿಸಿಕೊಂಡು ಬರಲು ಹೋದವನು ನಾನೇ. ಪೆಟ್ಟಿಗೆ ತೆಗೆದರೆ ಒಂದು ಚೂರು ಮಂಜುಗಡ್ಡೆ ಇಲ್ಲ. ಒಳಗಿನ ಹೊಟ್ಟು ಒದ್ದೆಯಾಗಿ ಬೆಚ್ಚಗಿತ್ತು. ಬಾಟಲಿಯೊಳಗಿನ ಪುಡಿ ಮುದ್ದೆಯಾಗಿ ಗಾಜಿಗೆ ಅಂಟಿಕೊಂಡಿತ್ತು. ಅದು ಸತ್ತ ಲಸಿಕೆ ಅಂತ ತಿಳಿಯಲು ಡಾಕ್ಟರಾಗಬೇಕಿಲ್ಲ.

ಪೆಟ್ಟಿಗೆಯನ್ನು ಹಾಗೇ ಮಹಾಲಿಂಗಪ್ಪನವರ ಮೇಜಿನ ಮೇಲಿಟ್ಟೆ. "ಸಾರ್, ಇದು ಕೆಲಸಕ್ಕೆ ಬರಲ್ಲ" ಅಂದೆ.

"ಮತ್ತೆ ತರಿಸೋಕೆ ಎರಡು ತಿಂಗಳು ಬೇಕು. ಲಸಿಕೆ ಹಾಕಿಲ್ಲ ಅಂದ್ರೆ ಮೊಟ್ಟೆಗೆ ಮುದ್ರೆ ಒತ್ತೋ ಹಾಗಿಲ್ಲ. ಮುದ್ರೆ ಇಲ್ಲ ಅಂದ್ರೆ ಸೆಸ್ಸು ಇಲ್ಲ. ಸೆಸ್ಸು ಇಲ್ಲ ಅಂದ್ರೆ ನಿನಗೆ ಸಂಬಳ ಎಲ್ಲಿಂದ ಬರುತ್ತೆ ನಜೀರ್?" ಅಂದರು.

"ಕೋಳಿ ಸತ್ತರೆ ಸಾರ್?"

"ಎಲ್ಲಾ ವರ್ಷ ರೋಗ ಬರುತ್ತಾ? ಹಾಕಿ ಬಾ ಹೋಗು."

ನಾನು ಹಾಕಿದೆ. ಎರಡು ದಿನ ನಿಮ್ಮೂರಿನಲ್ಲಿದ್ದೆ. ಪ್ರತಿ ಮನೆಯಲ್ಲೂ ಮಜ್ಜಿಗೆ ಕೊಟ್ಟರು. ಮಾರಮ್ಮ ಒಂದೊಂದು ಕೋಳಿಯನ್ನೂ ಎದೆಗೆ ಅವುಚಿಕೊಂಡು ಹಿಡಿದು, "ಮೆತ್ತಗೆ ಸಾಬ್ರೇ, ನೋಯ್ತದೆ" ಅನ್ನುತ್ತಿದ್ದಳು. ನಾನು ಅವಳ ಕೋಳಿಗಳಿಗೆ ಚುಚ್ಚಿದ್ದು ನೀರು. ಗೊತ್ತಿದ್ದೇ ಚುಚ್ಚಿದೆ. ಹದಿನಾಲ್ಕು ಮನೆಯ ಲಸಿಕೆ ಕಾರ್ಡಿನ ಮೇಲೂ ಸಹಿ ಹಾಕಿದೆ. ಜುಲೈಯಲ್ಲಿ ವರ್ಗದ ಆರ್ಡರು ಬಂದಾಗ, ಸತ್ಯ ಹೇಳುತ್ತೇನೆ, ನನಗೆ ಸಮಾಧಾನವಾಯಿತು. ನಿಮ್ಮ ಮುಖ ನೋಡುವುದು ತಪ್ಪಿತಲ್ಲ ಅಂತ.

ಮೂರು ಮಕ್ಕಳಿದ್ದಾರೆ, ನೌಕರಿ ಖಾಯಂ ಆಗಿಲ್ಲ ಅಂತೆಲ್ಲ ನನಗೆ ನಾನೇ ಹೇಳಿಕೊಂಡೆ. ಅದೆಲ್ಲ ನಿಜವೇ. ಆದರೆ ನಾನು ಸುಮ್ಮನಿದ್ದದ್ದು ಹೆದರಿ. ಅದಕ್ಕೆ ಬೇರೆ ಹೆಸರಿಲ್ಲ. ಸೆಪ್ಟೆಂಬರಿನಲ್ಲಿ ನೀವು ಕೇಳಿದಾಗಲೇ ಬರೆದಿದ್ದರೆ ಮಾರಮ್ಮ ನಿಮ್ಮ ಜೊತೆ ಮಾತಾಡುತ್ತಾ ಸಾಯುತ್ತಿದ್ದಳು.

ಮನ್ನಿಸಿ ಅಂತ ಕೇಳುವುದಿಲ್ಲ.

ನಜೀರ್


ಕೆಂಪಾಪುರ
3-3-1975

ನಜೀರ್ ಸಾಬ್ರಿಗೆ,

ಬರೆಯಲ್ಲ ಅಂದಿದ್ದೆ. ನಿಮ್ಮ ಕಾಗದ ಬಂದದೆ ಅಂತ ತಿಳಿಸಬೇಕಲ್ಲ, ಅದಕ್ಕೆ.

ಮೊಟ್ಟೆ ಗಾಡಿ ನಿಲ್ತಿದ್ದ ಜಾಗದಲ್ಲಿ ಎಲ್ಲಾರನ್ನೂ ಸೇರಿಸಿ ಪೂರ್ತಿ ಓದಿದೆ. ನನ್ನ ಓದು ನಿಧಾನ. ಮಧ್ಯೆ ಒಂದು ಕಡೆ ತಡವರಿಸಿದೆ, ಮಾರಮ್ಮ ಕೋಳಿ ಹಿಡಕೊಂಡ ಕಡೆ. ಮಾರಮ್ಮನ ಅತ್ತೆ ಕಲ್ಲಿನ ಮೇಲೆ ಕೂತಿತ್ತು. ಓದಿ ಮುಗಿಸಿದ ಮೇಲೆ ಅಕ್ಬರಿ, "ಇದನ್ನ ಮಾರಮ್ಮನಿಗೆ ಯಾರು ಓದಿ ಹೇಳ್ತಾರೆ?" ಅಂದಳು. ಎಲ್ಲಾರೂ ಎದ್ದು ಹೋದ್ರು.

ಮಾರನೇ ದಿನ ನಲ್ಲಿ ಹತ್ರ ಒಬ್ಬಳು ನನ್ನ ಬಿಂದಿಗೆ ತುಂಬಿಸಿ ತಲೆ ಮೇಲೆ ಎತ್ತಿ ಇಟ್ಟಳು. ಸುತ್ತಿನ ಊರುಗಳಿಗೂ ಸುದ್ದಿ ಹೋಯ್ತು. ಅಮೃತಹಳ್ಳಿಯಿಂದ, ಬ್ಯಾಟರಾಯನಪುರದಿಂದ ಹೆಂಗಸರು ಬಂದು "ಓದಿದೋಳು ನೀನೇನಾ?" ಅಂತ ಕೇಳಿ ಹೋಗ್ತಾರೆ.

ನಿಮ್ಮನ್ನು ಹೊಗಳಲಾರೆ ನಾನು. ಬೈಯೋಕೂ ಆಗ್ತಿಲ್ಲ.

ಮುನಿವೆಂಕಟಮ್ಮ


ಕೆಂಪಾಪುರ
30-4-1975

ನಜೀರ್ ಸಾಬ್ರಿಗೆ,

ಮಂಡಳಿಯಿಂದ ನಿಮಗೆ ಕಾಗದ ಬರೋ ಮೊದಲು ನಾನೇ ಹೇಳಬೇಕು ಅಂತ ಬರೀತಿದ್ದೀನಿ.

ಶನಿವಾರ ಮಹಾಲಿಂಗಪ್ಪನೋರು ಬಂದ್ರು. ಈ ಸಲ ಕರ್ಚೀಫು ಇಲ್ಲ, ಜಗಲಿ ಮೇಲೆ ಕೂತ್ರು, ಕಾಫಿ ಕುಡಿದ್ರು. ಜೊತೇಲಿ ಟೈಪು ಮಾಡಿದ ಕಾಗದ ತಂದಿದ್ರು. ನನ್ನ ಕೈಲೇ ಓದಿಸಿದ್ರು. ಮಂಡಳಿ ಕೊಟ್ಟ ಲಸಿಕೆ ಚೆನ್ನಾಗಿತ್ತು, ಇನ್‌ಸ್ಪೆಕ್ಟರ್ ನಜೀರ್ ಅದನ್ನು ಮಂಜುಗಡ್ಡೆ ಇಲ್ಲದೆ ಸೈಕಲ್ ಮೇಲೆ ತಂದು ಕೆಡಿಸಿದರು, ಇದರಲ್ಲಿ ಮಂಡಳಿಯ ತಪ್ಪಿಲ್ಲ ಅಂತ. ಹದಿನಾಲ್ಕು ಮನೆಯೋರೂ ಸಹಿ ಹಾಕಿದ್ರೆ ಮನೆಗೆ ಐವತ್ತು ಮರಿ. ಒಬ್ಬರು ಹಾಕದಿದ್ರೂ ಯಾರಿಗೂ ಇಲ್ಲ.

"ಇದು ಸುಳ್ಳು" ಅಂದೆ.

"ಅವನು ಬರೆದಿದ್ದು ನಿಜ ಅಂತ ಯಾರು ಕಂಡ್ರು? ಕೆಲಸ ಹೋಗುತ್ತೆ ಅಂತ ನನ್ನ ಮೇಲೆ ಹಾಕಿದ್ದಾನೆ. ಅವನು ಹೇಗೂ ಹೋಗ್ತಾನೆ ಕಣಮ್ಮಾ. ನೀವು ಮರಿ ತಗೊಂಡ್ರೂ ಹೋಗ್ತಾನೆ, ಬಿಟ್ರೂ ಹೋಗ್ತಾನೆ" ಅಂದ್ರು.

ಹನ್ನೆರಡು ಮನೆಯೋರು ಅಲ್ಲೇ ಹಾಕಿದ್ರು. ಮಾರಮ್ಮನ ಅತ್ತೆಯ ಹೆಬ್ಬೆಟ್ಟನ್ನ ಯಾರೋ ಹಿಡಿದು ಒತ್ತಿಸಿದ್ರು. ಕೊನೆಗೆ ನಾನು ಉಳಿದೆ. ಎರಡು ದಿನ ಟೈಮು ಕೇಳಿದೆ. ಆ ಎರಡು ದಿನ ಯಾರೂ ನನ್ನ ಬೈಯಲಿಲ್ಲ, ಒತ್ತಾಯ ಮಾಡಲಿಲ್ಲ. ಬಂದು ಬಂದು ಬಾಗಿಲಲ್ಲಿ ನಿಂತ್ಕೊಂಡು ಹೋದ್ರು ಅಷ್ಟೆ. ಮಾರಮ್ಮನ ಅತ್ತೆ ಗೋಡೆ ತಡವಿಕೊಂಡು ಬಂತು. "ಮರಿ ಬಂದ್ರೆ ಮೇವು ಹಾಕೋಕೆ ನನಗೂ ಒಂದು ಕೆಲಸ ಆಗ್ತದೆ ಕಣವ್ವಾ" ಅಂತು.

ಸೋಮವಾರ ಸಹಿ ಹಾಕಿದೆ. ಬೈರಣ್ಣನೋರು ಆ ರಾತ್ರಿ ಸೊಪ್ಪಿನ ಮಡಿ ಹತ್ರಾನೇ ಮಲಗಿದ್ರು. ನೀವು ಏನು ಬೈದ್ರೂ ಕೇಳ್ತೀನಿ.

ಮುನಿವೆಂಕಟಮ್ಮ


ಮತ್ತಿಕೆರೆ
22-6-1975

ಅಕ್ಕಾ,

ವಿಳಾಸ ನೋಡಿ ಆಶ್ಚರ್ಯಪಡಬೇಡಿ. ಊರಿಗೆ ಬಂದು ತಿಂಗಳಾಯಿತು. ಮಂಡಳಿ ನನ್ನನ್ನು ತೆಗೆದುಹಾಕಿದೆ. ವಿಚಾರಣೆ ಅರ್ಧ ಗಂಟೆಯಲ್ಲಿ ಮುಗಿಯಿತು. ನಿಮ್ಮೆಲ್ಲರ ಸಹಿ ಇದ್ದ ಕಾಗದ ತೋರಿಸಿದರು. ಕೊನೆಯ ಸಹಿ ನಿಮ್ಮದು. ನಿಮ್ಮ ಅಕ್ಷರ ನನಗೆ ಚೆನ್ನಾಗಿ ಗೊತ್ತು, ನಿಧಾನವಾಗಿ ಒತ್ತಿ ಬರೆಯುತ್ತೀರಿ. ಇದು ನಿಜವೇ ಅಂತ ಕೇಳಿದರು. ಕೆಂಪಾಪುರದವರು ಸುಳ್ಳು ಹೇಳುವವರಲ್ಲ ಸಾರ್ ಅಂದೆ. ಅಲ್ಲಿಗೆ ಮುಗಿಯಿತು.

ಬೈಯುವುದಕ್ಕೆ ನನಗೆ ಯಾವ ಹಕ್ಕಿದೆ? ನನ್ನನ್ನೇ ಕೇಳಿದ್ದರೂ ಹಾಕಿ ಅನ್ನುತ್ತಿದ್ದೆ.

ಯಶವಂತಪುರದಲ್ಲಿ ಒಂದು ಮರದ ಡಿಪೋದಲ್ಲಿ ದಿಮ್ಮಿ ಅಳೆದು ಬರೆದುಕೊಳ್ಳುವ ಕೆಲಸ ಸಿಕ್ಕಿದೆ. ಮುಸರ್ರತ್ ಈಗ ಹೆದರುವುದಿಲ್ಲ. ಹೆದರುವುದಕ್ಕೆ ಏನೂ ಉಳಿದಿಲ್ಲ ಅನ್ನುತ್ತಾಳೆ. ನಿಮ್ಮನ್ನು ನೋಡಬೇಕಂತೆ ಅವಳಿಗೆ. ನಾನು ಒಂದು ಭಾನುವಾರ ಹೆಬ್ಬಾಳದ ಕೆರೆ ಏರಿಯವರೆಗೆ ಬಂದೆ. ಅಲ್ಲಿಂದ ನಿಮ್ಮೂರು ಕಾಣುತ್ತದೆ. ಮುಂದಕ್ಕೆ ಸೈಕಲ್ ತುಳಿಯಲಾಗಲಿಲ್ಲ.

ಮರಿ ಬಂದಿರಬಹುದು. ಲಸಿಕೆಯವರು ಬಂದಾಗ ಪೆಟ್ಟಿಗೆ ತೆರೆಸಿ ನೋಡಿ. ಸುಮ್ಮನೆ ನಂಬಬೇಡಿ.

ನಜೀರ್


ಕೆಂಪಾಪುರ
18-1-1976

ತಮ್ಮಾ ನಜೀರ,

ಇಷ್ಟು ದಿನ ಬಹುವಚನದಲ್ಲಿ ಬರೆದೆ. ಇವತ್ತು ಆಗ್ತಿಲ್ಲ. ಬೇರೆ ಯಾರಿಗೂ ಹೇಳಲಾರದ್ದು ನಿನಗೆ ಹೇಳಬೇಕಾಗದೆ.

ಜುಲೈಯಲ್ಲಿ ಮರಿ ಬಂದವು. ಸೆಪ್ಟೆಂಬರಿನಲ್ಲಿ ಹೊಸ ಇನ್‌ಸ್ಪೆಕ್ಟ್ರು ಬಂದ. ಒಳ್ಳೆಯೋನೇ. ನಾನು ಕೇಳೋ ಮೊದಲೇ ಪೆಟ್ಟಿಗೆ ತೆಗೆದು ತೋರಿಸಿದ. ಮಂಜುಗಡ್ಡೆ ಇತ್ತು, ಎಲ್ಲಾ ಸರಿಯಾಗೇ ಇತ್ತು. ಆದ್ರೂ ಹದಿನಾಲ್ಕು ಮನೇಲಿ ಮೂರೇ ಮನೆಯೋರು ಸೂಜಿ ಹಾಕಿಸಿದ್ದು. ಉಳಿದೋರು ಗೂಡಿಗೆ ಬೀಗ ಹಾಕ್ಕೊಂಡು ಸೊಪ್ಪು ಕೀಳೋಕೆ ಹೋಗಿದ್ರು. ಸೂಜಿಯಿಂದಲೇ ರೋಗ ಬರ್ತದೆ ಅಂತ ಈಗ ಮಾತು. "ನೀವಾದ್ರೂ ಹೇಳಿಯಮ್ಮಾ" ಅಂದ ಅವನು. ಯಾವ ಬಾಯಲ್ಲಿ ಹೇಳಲಿ? ನನ್ನವಕ್ಕೂ ಹಾಕಿಸಲಿಲ್ಲ ನಾನು. ಸರಿಯಾಗಿ ಅದೆ ಅಂತ ಕಣ್ಣಲ್ಲಿ ನೋಡಿಯೂ ಹಾಕಿಸಲಿಲ್ಲ. ಬೀಗದಕೈ ಸೊಂಟದಲ್ಲೇ ಇತ್ತು, ಕಳೆದು ಹೋಯ್ತು ಅಂದೆ.

ಡಿಸೆಂಬರ್ ಕೊನೇಲಿ ಎರಡು ಮನೇಲಿ ಕೋಳಿ ಸತ್ತವು. ಯಾರೂ ಮಂಡಳಿಗೆ ಹೇಳಲಿಲ್ಲ. ಯಾರೂ ಯಾರಿಗೂ ಹೇಳಲಿಲ್ಲ. ಅವರು ಹೂಳೋದನ್ನ ನಾನು ಕಂಡೆ. ನಾನು ಕಂಡಿದ್ದನ್ನ ಅವರೂ ಕಂಡ್ರು.

ನನ್ನ ಕೋಳಿ ಐವತ್ತೂ ಆಗ ಮೊಟ್ಟೆ ಇಡ್ತಿದ್ದವು. ಇನ್ನೊಂದು ಸಲ ಅದನ್ನ ನೋಡಲಾರೆ ಅನ್ನಿಸಿತು. ಎಂಟನೇ ತಾರೀಖು ಅಮೃತಹಳ್ಳಿ ಸೊಣ್ಣಮ್ಮ ಬಂದಳು. ನಿನ್ನ ಕಾಗದ ಓದಿದ್ದು ಕೇಳಿ ಆಗ ಬಂದಿದ್ದೋಳು, ಅವಳೇ. ಕೋಳಿ ಸಾಕಬೇಕು ಅಂತ ಅವಳಿಗೆ ಆಸೆ. ಅವಳ ಮನೇಲಿ ಹಳೇವು ಹತ್ತೋ ಹನ್ನೆರಡೋ ನಾಟಿ ಕೋಳಿ ಇದ್ದವು.

"ಕೊಡ್ತೀಯಾ ಅಕ್ಕಾ? ರೋಗಗೀಗ ಏನಿಲ್ಲ ತಾನೆ?" ಅಂದಳು.

"ಇಲ್ಲ" ಅಂದೆ.

"ನೀನು ಇಲ್ಲ ಅಂದ ಮೇಲೆ ಮುಗೀತು. ಅಷ್ಟು ಜನರ ಮುಂದೆ ನಿಜ ಓದಿದೋಳು ನೀನು" ಅಂದು ಐವತ್ತನ್ನೂ ಗಾಡೀಲಿ ತುಂಬಿಕೊಂಡು ಹೋದ್ಲು. ಹೋಗೋವಾಗ ನನ್ನ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು ನಜೀರ.

ಅವು ನನ್ನ ಮನೇಲಿ ಇದ್ದಾಗ ಚೆನ್ನಾಗೇ ಇದ್ದವು. ಇದನ್ನೇ ಹತ್ತು ದಿನದಿಂದ ನನಗೆ ನಾನೇ ಹೇಳ್ಕೋತಿದ್ದೀನಿ. ಊಟ ಸೇರ್ತಿಲ್ಲ. ಬೈರಣ್ಣನೋರು ಕೇಳಿದ್ರೆ ಹೊಟ್ಟೆ ನೋವು ಅಂತೀನಿ.

ನಿನ್ನೆ ಸೊಣ್ಣಮ್ಮ ಆಳಿನ ಕೈಲಿ ಹೇಳಿ ಕಳಿಸಿದ್ಲು. ಕೋಳಿಗಳು ಕತ್ತು ತಿರುಚಿ ಬೀಳ್ತಾವಂತೆ, ನಾಟಿ ಕೋಳೀನೂ ಹೋದವಂತೆ, ಪಕ್ಕದ ಮನೆಗೂ ಹತ್ತಿಕೊಂಡಿತಂತೆ. "ಮುನಿವೆಂಕಟಮ್ಮಕ್ಕನಿಗೆ ಗೊತ್ತಿರ್ತದೆ, ಏನು ಮಾಡಬೇಕು ಕೇಳ್ಕೊಂಡು ಬಾ" ಅಂದಳಂತೆ. ನನ್ನ ಮೇಲೆ ಅನುಮಾನ ಅನ್ನೋದು ಅವಳ ಮನಸ್ಸಿನಲ್ಲಿ ಒಂದು ಎಳೆಯೂ ಇಲ್ಲ.

ನೀನು ಅಷ್ಟು ತಿಂಗಳು ಎಂಗೆ ಸುಮ್ಮನಿದ್ದೆ ಅಂತ ಇನ್ನು ಯಾವತ್ತೂ ಕೇಳಲ್ಲ. ಇರಬಹುದು. ಸುಲಭವಾಗಿ ಸುಮ್ಮನಿರಬಹುದು.

ಈ ಕಾಗದ ಹೆಬ್ಬಾಳದ ಡಬ್ಬಕ್ಕೆ ಹಾಕಿ ಹಂಗೇ ಅಮೃತಹಳ್ಳಿಗೆ ಹೋಗ್ತೀನಿ. ಅವಳ ಎದುರಿಗೆ ನಿಂತು ಹೇಳಬೇಕು. ಆಮೇಲೆ ಅವಳ ಪಕ್ಕದ ಮನೆಯೋರಿಗೂ ಹೇಳಬೇಕು. ಆಮೇಲೇನಾಗ್ತದೋ ನನಗೆ ತಿಳಿಯದು. ಹತ್ತು ಗಂಟೆ ಆದ್ರೆ ಅವಳು ಕಳೆ ಕೀಳೋಕೆ ಹೋಗಿಬಿಡ್ತಾಳೆ. ಈಗಲೇ ಹೊರಡಬೇಕು.

ನಿನ್ನ ಅಕ್ಕ
ಮುನಿವೆಂಕಟಮ್ಮ